ರೊಕ್ಕ ಕೊಟ್ಟು ಕೊಂಡ ರದ್ದಿ

ಕಳೆದ ಯುಗಾದಿಯ ದಿನ ಲಾಸ್ ಕೊಲಿನಾಸ್‌ನ ನಮ್ಮ ಮನೆಗೆ ಊಟಕ್ಕೆ ಬಂದಿದ್ದ ಸ್ನೇಹಿತರೊಬ್ಬರು ಹೋಳಿಗೆ ಮುಗಿಸಿ ಕೈ ತೊಳೆದು ಬಂದವರೇ ನಮ್ಮ ಓದುವ ಕೋಣೆಯೊಳಕ್ಕೆ ಇಣುಕಿದರು. ಮೇಜಿನ ಮೇಲೆ ಮಾಸಲು ಬಣ್ಣದ ಹಳೆಯ ವೃತ್ತಪತ್ರಿಕೆಯೊಂದು ಹರವಿತ್ತು.

"ಇದಕ್ಕೆಷ್ಟು ಕೊಟ್ಟಿರಿ?"

"ನಲವತ್ತೈದು ಡಾಲರ್."

"ನಮ್ಮೂರಲ್ಲಿ ಹಳೇ ಪೇಪರನ್ನ ತೂಕಕ್ಕೆ ಹಾಕಿ ನಾವೇ ರೊಕ್ಕ ಇಸ್ಕೋತೀವಿ. ನೀವು ರೊಕ್ಕ ಕೊಟ್ಟು ರದ್ದಿ ತರ್ತೀರಲ್ಲ!"

ಎಲ್ಲರೂ ನಕ್ಕರು. ನಮ್ಮಾಕೆ ಎಲ್ಲರಿಗಿಂತ ಜೋರಾಗಿ ನಕ್ಕಳು. ಆ ದಿನ ನಮಗೆ ಉತ್ತರ ಹೊಳೆಯಲಿಲ್ಲ. ಅದನ್ನೇ ಬರೆದುಕೊಡಿ ಎಂದು ಸಂಪಾದಕರು ದುಂಬಾಲು ಬಿದ್ದುದರಿಂದ ಈಗ ಬರೆಯುತ್ತಿದ್ದೇವೆ.

ಈ ಹುಚ್ಚು ನಮಗೆ ಹಿಡಿದದ್ದು ಕ್ಯಾಂಟನ್ ಸಂತೆಯಲ್ಲಿ. ಡಲ್ಲಾಸಿನಿಂದ ಪೂರ್ವಕ್ಕೆ ಸುಮಾರು 60 ಮೈಲಿ ದೂರದ ಆ ಊರಿನಲ್ಲಿ, ತಿಂಗಳ ಮೊದಲ ಸೋಮವಾರಕ್ಕೆ ಮುಂಚಿನ ವಾರಾಂತ್ಯದಲ್ಲಿ ನೆರೆಯುವ ಸಂತೆ ನಿಮ್ಮಲ್ಲಿ ಹಲವರಿಗೆ ಗೊತ್ತಿದ್ದೀತು. ನಮ್ಮಾಕೆಗೆ ಒಂದು ಹಿತ್ತಾಳೆಯ ಹೂಕುಂಡ ಬೇಕಿತ್ತು. ಅದು ಸಿಗಲಿಲ್ಲ. ಹಳೆಯ ಭೂಪಟಗಳನ್ನು ಹರವಿಕೊಂಡು ಕುಳಿತಿದ್ದ ಮುದುಕರೊಬ್ಬರ ಮೇಜಿನ ಮೇಲೆ 1792ರ ಬಾಸ್ಟನ್ ಪತ್ರಿಕೆಯೊಂದು ಕಂಡಿತು. ಒಟ್ಟು ನಾಲ್ಕು ಪುಟ. ಆ ಕಾಲದ ಅಚ್ಚಿನಲ್ಲಿ ಪದದ ಮೊದಲಲ್ಲೂ ನಡುವಿನಲ್ಲೂ ಬರುವ 'ಎಸ್' ಅಕ್ಷರ 'ಎಫ್'ನಂತೆಯೇ ಕಾಣುತ್ತದೆ. ಹೀಗಾಗಿ ಮಾರಾಟದ 'ಸೋಲ್ಡ್' ಎಲ್ಲ ನಮ್ಮ ಮಗಳ ಬಾಯಲ್ಲಿ 'ಫೋಲ್ಡ್' ಆಯಿತು. ಅವಳು ನಗುತ್ತಾ ಓದುತ್ತಿದ್ದಾಗ, ಮೂರನೆಯ ಪುಟದ ಹಡಗಿನ ಸುದ್ದಿಗಳ ನಡುವಿನ ಒಂದು ಹೆಸರು ನಮ್ಮನ್ನು ತಡೆದು ನಿಲ್ಲಿಸಿತು: ಟಿಪ್ಪೂ ಸಾಯಿಬ್! ಅದರ ಕೆಳಗೆ ಸೆರಿಂಗಪಟಮ್. ಮತ್ತೂ ಕೆಳಗೆ ಲಾರ್ಡ್ ಕಾರ್ನ್‌ವಾಲಿಸ್.

ಬಾಸ್ಟನ್ನಿನ ವ್ಯಾಪಾರಿಗೆ ನಮ್ಮ ಶ್ರೀರಂಗಪಟ್ಟಣದ ಉಸಾಬರಿ ಏಕೆ? ಕಾರಣವಿದೆ. 1781ರ ಅಕ್ಟೋಬರ್ 19ರಂದು ಯಾರ್ಕ್‌ಟೌನಿನಲ್ಲಿ ಯಾರ ಸೈನ್ಯ ವಾಷಿಂಗ್ಟನ್ನರಿಗೆ ಶರಣಾಯಿತೋ, ಅದೇ ಕಾರ್ನ್‌ವಾಲಿಸ್ 1786ರಲ್ಲಿ ಭಾರತಕ್ಕೆ ಗವರ್ನರ್ ಜನರಲ್ ಆಗಿ ಬಂದ. 1791ರ ಮಾರ್ಚಿನಲ್ಲಿ ಬೆಂಗಳೂರಿನ ಕೋಟೆ ಹಿಡಿದ. ಮರುವರ್ಷ ಶ್ರೀರಂಗಪಟ್ಟಣವನ್ನು ಮುತ್ತಿ, ಟಿಪ್ಪುವಿನ ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನು ಒತ್ತೆಯಾಗಿಯೂ ಪಡೆದ. ತಾವು ಸೋಲಿಸಿ ಕಳಿಸಿದ ಸೇನಾಪತಿ ಆಮೇಲೆ ಏನು ಮಾಡುತ್ತಿದ್ದಾನೆಂಬ ಕುತೂಹಲ ಇಲ್ಲಿಯವರಿಗೆ ಇರದೆ ಹೋದೀತೇ? ಸುದ್ದಿ ಮೊದಲು ಹಡಗಿನಲ್ಲಿ ಲಂಡನ್ನಿಗೆ, ಅಲ್ಲಿಯ ಪತ್ರಿಕೆಗಳಿಂದ ಇನ್ನೊಂದು ಹಡಗಿನಲ್ಲಿ ಇಲ್ಲಿಗೆ ಬರುತ್ತಿತ್ತು. ಏಳೆಂಟು ತಿಂಗಳು ಹಳೆಯದಾದರೂ ಅದು ತಾಜಾ ಸುದ್ದಿಯೇ.

ಅದಕ್ಕೂ ಹಿಂದಿನ ನಂಟೊಂದಿದೆ. ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ ಪೆನ್ಸಿಲ್ವೇನಿಯಾದವರು ಹೊರಡಿಸಿದ ಒಂದು ಯುದ್ಧನೌಕೆಯ ಹೆಸರು 'ಹೈದರ್ ಅಲಿ'. 1782ರ ಏಪ್ರಿಲ್ 8ರಂದು ಜೋಶುವಾ ಬಾರ್ನಿ ಎಂಬ ತರುಣ ನಾಯಕ ಆ ಹಡಗಿನಿಂದ ಕಾದಾಡಿ, ತನ್ನದಕ್ಕಿಂತ ಬಲವಾದ 'ಜನರಲ್ ಮಂಕ್' ಎಂಬ ಬ್ರಿಟಿಷ್ ಹಡಗನ್ನು ಡೆಲವೇರ್ ಕೊಲ್ಲಿಯಲ್ಲಿ ಸೆರೆಹಿಡಿದ. ಆಗ ಹೈದರ್ ಅಲಿ ಇನ್ನೂ ಬದುಕಿದ್ದ. ಮೈಸೂರು ಎಂದರೆ ಯೋಗ ಮತ್ತು ಮಸಾಲೆ ದೋಸೆ ಎಂದಷ್ಟೇ ತಿಳಿದ ನಮ್ಮ ಅಮೆರಿಕನ್ ಸಹೋದ್ಯೋಗಿಗಳಿಗೆ ಈ ಕಥೆ ಹೇಳುವಾಗ ನಮಗೆ ಒಂದಿಷ್ಟು ಹೆಮ್ಮೆ ಎನಿಸುವುದುಂಟು.

ಕ್ಯಾಂಟನ್ನಿನಿಂದ ತಂದ ಆ ಪತ್ರಿಕೆಯನ್ನು ಕೈಯಲ್ಲಿ ಹಿಡಿದು ಅಲುಗಿಸಿದರೆ ಹೊಸ ನೋಟಿನಂತೆ ಸದ್ದಾಗುತ್ತದೆ. ಇನ್ನೂರಕ್ಕೂ ಹೆಚ್ಚು ವರ್ಷ ಕಳೆದರೂ ಮಡಿಸಿದಲ್ಲಿ ಮುರಿಯುವುದಿಲ್ಲ. ಅದು ಮರದಿಂದ ಮಾಡಿದ ಕಾಗದವಲ್ಲ, ಅರಿವೆಯಿಂದ ಮಾಡಿದ್ದು ಎಂಬುದೇ ಇದರ ಗುಟ್ಟು. ಹಳೆಯ ನಾರುಮಡಿ, ಹತ್ತಿ ಅಂಗಿಗಳ ಚಿಂದಿಯನ್ನು ಆಯ್ದು, ನೆನೆಹಾಕಿ, ಕುಟ್ಟಿ ಕಾಗದ ಮಾಡುತ್ತಿದ್ದ ಕಾಲವದು. ಹತ್ತಿಯ ಎಳೆಯೆಂದರೆ ಬಹುಪಾಲು ಶುದ್ಧ ಸೆಲ್ಯುಲೋಸ್, ಉದ್ದುದ್ದ ಸರಪಳಿಯಂಥ ಅಣುಗಳು. ಓದುವವರು ಹೆಚ್ಚಿ ಚಿಂದಿ ಸಾಲದೆ ಬಂದಾಗ ಗಿರಣಿಗಳು ಕಾಡಿನ ಕಡೆ ತಿರುಗಿದವು. 1867ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಮರವನ್ನು ಕಲ್ಲಿನಲ್ಲಿ ಅರೆದು ತಿರುಳು ತೆಗೆಯುವ ಗಿರಣಿ ಆರಂಭವಾಯಿತು. 1880ರ ದಶಕದ ಹೊತ್ತಿಗೆ ಪತ್ರಿಕೆಗಳೆಲ್ಲ ಹೆಚ್ಚುಕಡಿಮೆ ಮರದ ಕಾಗದಕ್ಕೆ ಬಂದಿದ್ದವು. ಪತ್ರಿಕೆ ಅಗ್ಗವಾಯಿತು, ಅದರ ಆಯುಸ್ಸೂ ಅಗ್ಗವಾಯಿತು.

ಮರದಲ್ಲಿ ಸೆಲ್ಯುಲೋಸ್ ಜೊತೆಗೆ ಲಿಗ್ನಿನ್ ಎಂಬ ಅಂಟೂ ಇದೆ. ಬೆಳಕು, ಗಾಳಿ ತಾಕಿದರೆ ಅದು ಹಳದಿಯಾಗಿ, ಕಂದಾಗಿ, ಆಮ್ಲವನ್ನು ಹುಟ್ಟಿಸುತ್ತದೆ. ಮಸಿ ಇಂಗಬಾರದೆಂದು ಕಾಗದಕ್ಕೆ ಹಾಕುತ್ತಿದ್ದ ಪಟಿಕ ಮತ್ತು ರಾಳದಿಂದಲೂ ಆಮ್ಲ ಸೇರುತ್ತದೆ. ಆಮ್ಲ ಸೆಲ್ಯುಲೋಸಿನ ಸರಪಳಿಯನ್ನು ಅಲ್ಲಲ್ಲಿ ಕತ್ತರಿಸುತ್ತ ಹೋಗುತ್ತದೆ. ಕಡೆಗೆ ಕಾಗದ ಹಪ್ಪಳವಾಗುತ್ತದೆ.

ಈ ವಿದ್ಯೆ ನಮಗೊಮ್ಮೆ ಉಪಯೋಗಕ್ಕೆ ಬಂತು. ಲಿಂಕನ್ನರ ಕೊಲೆಯ ಸುದ್ದಿಯಿರುವ 1865ರ ಏಪ್ರಿಲ್ 15ರ 'ನ್ಯೂಯಾರ್ಕ್ ಹೆರಾಲ್ಡ್' ಎಂದು ಒಬ್ಬ ವ್ಯಾಪಾರಿ ಒಂದು ಪ್ರತಿಯನ್ನು ಒಳ್ಳೆಯ ಬೆಲೆಗೆ ನಮಗೆ ದಾಟಿಸಿದ್ದ. ಮನೆಗೆ ತಂದ ಮೇಲೆ ಅನುಮಾನ ಬಂತು. ಅಂಚಿನಿಂದ ಸೂಜಿಮೊನೆಯಷ್ಟು ನಾರು ತೆಗೆದು, ಪ್ರಯೋಗಾಲಯದಲ್ಲಿ ಫ್ಲೋರೋಗ್ಲೂಸಿನಾಲ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಬಿಟ್ಟೆವು. ಲಿಗ್ನಿನ್ ಇದ್ದರೆ ಬಣ್ಣ ಕೆಂಪಾಗುತ್ತದೆ. ನಮ್ಮದು ಕುಂಕುಮದಂತೆ ಕೆಂಪಾಯಿತು! ಅರೆದ ಮರದ ಕಾಗದ 1865ರ ನ್ಯೂಯಾರ್ಕಿಗೆ ಎಲ್ಲಿಂದ ಬರಬೇಕು? ಆ ಸಂಚಿಕೆ ಮುಂದಿನ ವರ್ಷಗಳಲ್ಲಿ ಹಲವು ಬಾರಿ ಮರುಮುದ್ರಣವಾಗಿದೆ. ವಾಷಿಂಗ್ಟನ್ನರ ಮರಣವಾರ್ತೆಯ 1800ರ ಜನವರಿ 4ರ 'ಅಲ್ಸ್ಟರ್ ಕೌಂಟಿ ಗೆಜೆಟ್' ಕಥೆಯೂ ಇದೇ. ಮೂಲಪ್ರತಿಗಳು ಬೆರಳೆಣಿಕೆಯಷ್ಟು, ನಕಲುಗಳು ಲೆಕ್ಕವಿಲ್ಲದಷ್ಟು. ನೀವು ಆಮ್ಲದ ಗೊಡವೆಗೆ ಹೋಗುವುದು ಬೇಡ. ಕಾಗದವನ್ನು ಬೆಳಕಿಗೆ ಹಿಡಿದು ನೋಡಿ. 1790ರ ಸುಮಾರಿನ ಕೈಕಾಗದದಲ್ಲಿ ಅಚ್ಚಿನ ತಂತಿಗಳ ಗೆರೆಗಳು ಸಾಮಾನ್ಯವಾಗಿ ಕಾಣುತ್ತವೆ. ಬೆನ್ನ ಮೇಲೆ ಬೆರಳಾಡಿಸಿದರೆ ಮೊಳೆ ಒತ್ತಿದ ಉಬ್ಬು ತಾಗುತ್ತದೆ.

ಟೆಕ್ಸಾಸಿನ ಪತ್ರಿಕೆಗಳ ಕಥೆಯೂ ಸ್ವಾರಸ್ಯದ್ದೇ. 1835ರ ಅಕ್ಟೋಬರಿನಲ್ಲಿ ಸ್ಯಾನ್ ಫೆಲಿಪೆಯಲ್ಲಿ 'ಟೆಲಿಗ್ರಾಫ್ ಅಂಡ್ ಟೆಕ್ಸಾಸ್ ರಿಜಿಸ್ಟರ್' ಶುರುವಾಯಿತು. 1836ರ ಏಪ್ರಿಲ್‌ನಲ್ಲಿ ಮೆಕ್ಸಿಕೋದ ಸೈನ್ಯ ಅದರ ಮುದ್ರಣಯಂತ್ರವನ್ನು ಬಫಲೋ ಬಯೂ ನೀರಿಗೆ ಎಸೆಯಿತು. ಹಟ ಬಿಡದ ಸಂಪಾದಕ ಗೇಲ್ ಬೋರ್ಡನ್ ಹೊಸ ಯಂತ್ರ ತರಿಸಿ ಅದೇ ವರ್ಷದ ಆಗಸ್ಟಿನಲ್ಲಿ ಮತ್ತೆ ಪತ್ರಿಕೆ ಹೊರಡಿಸಿದ. 1837ರಲ್ಲಿ ಅದು ಹ್ಯೂಸ್ಟನ್ನಿಗೆ ಬಂತು. ಇದೇ ಬೋರ್ಡನ್ ಮುಂದೆ 1856ರಲ್ಲಿ ಗಟ್ಟಿಹಾಲಿಗೆ ಪೇಟೆಂಟ್ ಪಡೆದ. ದೀಪಾವಳಿಗೆ ನಮ್ಮ ಗೃಹಿಣಿಯರು ಬರ್ಫಿಗೆ ಒಡೆಯುವ ಈಗಲ್ ಬ್ರ್ಯಾಂಡ್ ಡಬ್ಬ ಅವನದೇ ಕೊಡುಗೆ. ಆ ಪತ್ರಿಕೆಯ ಮೂಲಪ್ರತಿ ಕೊಳ್ಳುವ ಶಕ್ತಿ ನಮಗಿಲ್ಲ. ನೋಡುವ ಆಸೆಯಿದ್ದವರಿಗೆ ಡೆಂಟನ್ನಿನ ನಾರ್ತ್ ಟೆಕ್ಸಾಸ್ ವಿಶ್ವವಿದ್ಯಾಲಯ ಟೆಕ್ಸಾಸಿನ ಹಳೆಯ ಪತ್ರಿಕೆಗಳ ಚಿತ್ರಗಳನ್ನು ಎಲ್ಲರಿಗೂ ತೆರೆದಿಟ್ಟಿದೆ. ಆಸ್ಟಿನ್ನಿನ ಬ್ರಿಸ್ಕೋ ಕೇಂದ್ರದಲ್ಲಿ ದೊಡ್ಡ ಪತ್ರಿಕಾ ಸಂಗ್ರಹವಿದೆ. ಡಲ್ಲಾಸಿನ ಕೇಂದ್ರ ಗ್ರಂಥಾಲಯದಲ್ಲಿ 1776ರ ಜುಲೈ 4ರ ರಾತ್ರಿ ಜಾನ್ ಡನ್‌ಲ್ಯಾಪ್ ಅಚ್ಚು ಹಾಕಿದ ಸ್ವಾತಂತ್ರ್ಯ ಘೋಷಣೆಯ ಒಂದು ಪ್ರತಿಯೇ ಇದೆ. ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ.

ಇಲ್ಲಿಯವರೆಗೆ ಬರೆದದ್ದು ಸಲೀಸಾಗಿ ಬಂತು. ಮುಂದಿನದನ್ನು ಬರೆಯಲು ಕೈ ಹಿಂಜರಿಯುತ್ತದೆ.

ಧಾರವಾಡದ ನಮ್ಮ ಅಜ್ಜ 1956ರ ನವೆಂಬರ್ 1ರ ಒಂದು ಕನ್ನಡ ದಿನಪತ್ರಿಕೆಯನ್ನು ಟ್ರಂಕಿನ ತಳದಲ್ಲಿ, ಧೋತರದ ಮಡಿಕೆಯೊಳಗೆ ಇಟ್ಟಿದ್ದರು. ಮುಂಬಯಿ, ಹೈದರಾಬಾದು, ಮದರಾಸು, ಕೊಡಗು, ಮೈಸೂರು ಎಂದು ಹರಿದು ಹಂಚಿದ್ದ ನಾಡು ಒಂದಾದ ದಿನ ಅದು. ಅಂದು ಊರಿನಲ್ಲಿ ಸಕ್ಕರೆ ಹಂಚಿದ್ದನ್ನು ಅಜ್ಜ ಸಾಯುವವರೆಗೂ ಹೇಳುತ್ತಿದ್ದರು. ಅವರ ನಂತರ ಅಪ್ಪ ಅದನ್ನು ಕಾಪಾಡಿ, ಮೊದಲ ಸಲ ಇಲ್ಲಿಗೆ ಬಂದಾಗ ನಮ್ಮ ಕೈಗೆ ಕೊಟ್ಟರು. ನಾವು ಮಾಡಿದ್ದೇನು? ಅಗ್ಗದ ರಟ್ಟಿನ ಬೆನ್ನು ಕೊಟ್ಟು, ಚೌಕಟ್ಟು ಹಾಕಿಸಿ, ಪಡುವಣ ಕಿಟಕಿಯ ಎದುರಿನ ಗೋಡೆಗೆ ಮೊಳೆ ಹೊಡೆದೆವು. ಬಂದವರೆಲ್ಲ ನೋಡಲೆಂದು!

ನಾಲ್ಕು ಬೇಸಿಗೆ ಕಳೆದವು. ಅಪ್ಪ ಮತ್ತೆ ಬಂದರು. ಚೌಕಟ್ಟಿನ ಮುಂದೆ ನಿಂತರು. ಕಾಗದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಗಾಬರಿಯಿಂದ ಬಿಚ್ಚಲು ಹೋದೆವು. ನಡುಮಡಿಕೆಯಲ್ಲಿ ಸದ್ದಿಲ್ಲದೆ ಎರಡಾಯಿತು, ಮೂಲೆಗಳು ಕೈಯಲ್ಲೇ ಉಳಿದವು. ಅಪ್ಪ ಬಯ್ಯಲಿಲ್ಲ. "ನಮ್ಮಪ್ಪ ಇದನ್ನ ಒಂದಿನಾನೂ ಬಿಸಲಿಗೆ ತಗದಿರಲಿಲ್ಲಪಾ" ಎಂದಷ್ಟೇ ಹೇಳಿ ಚೂರುಗಳನ್ನು ಆಯತೊಡಗಿದರು.

ರಸಾಯನಶಾಸ್ತ್ರದಲ್ಲಿ ಡಾಕ್ಟರೇಟು ಪಡೆದವರು ನಾವು. ಬಾಸ್ಟನ್ ಪತ್ರಿಕೆಯನ್ನು ಆಮ್ಲವಿಲ್ಲದ ಪೆಟ್ಟಿಗೆಯಲ್ಲಿ ಮಲಗಿಸಿದ್ದೆವು. ಯಾವುದಕ್ಕೆ ರಕ್ಷಣೆ ಅಷ್ಟಾಗಿ ಬೇಡವೋ ಅದಕ್ಕೆ ಪೆಟ್ಟಿಗೆ, ಯಾವುದಕ್ಕೆ ಬೇಕೋ ಅದಕ್ಕೆ ಮೊಳೆ. ಏನೂ ಓದದ ಅಜ್ಜನ ಟ್ರಂಕು ನಮಗಿಂತ ಜಾಣತನ ತೋರಿಸಿತ್ತು: ಕತ್ತಲೆ, ತಂಪು, ಶುಭ್ರ ಹತ್ತಿ ಬಟ್ಟೆ.

ಈಗ ಆ ಚೂರುಗಳು ಒಂದು ಪಾಲಿಯೆಸ್ಟರ್ ಲಕೋಟೆಯಲ್ಲಿವೆ. ಹಿಂದೆ ಸುಣ್ಣದ ಅಂಶ ಸೇರಿಸಿದ ಕಾಗದವಿದೆ. ಎಲೆ ಅಡಿಕೆಗೆ ಹಚ್ಚುವ ಸುಣ್ಣವೇ ಕಾಗದದ ಆಮ್ಲಕ್ಕೂ ಮದ್ದು. ವರ್ಜೀನಿಯಾದ ವಿಲಿಯಂ ಬ್ಯಾರೋ ಎಂಬಾತ ಸುಣ್ಣದ ತಿಳಿನೀರಿನಿಂದಲೇ ಹಳೆಯ ಕಾಗದಗಳಿಗೆ ಚಿಕಿತ್ಸೆ ಮಾಡುವ ಕ್ರಮ ರೂಪಿಸಿದ. ಆದರೆ ಇದು ಇನ್ನಷ್ಟು ಕೆಡದಂತೆ ತಡೆದೀತೇ ಹೊರತು, ಕತ್ತರಿಸಿದ ಸರಪಳಿಯನ್ನು ಮತ್ತೆ ಕೂಡಿಸದು.

ದೊಡ್ಡ ದೊಡ್ಡವರೂ ಇಂಥ ತಪ್ಪು ಮಾಡಿದ್ದಾರೆ. ಗ್ರಂಥಾಲಯಗಳು ಮೈಕ್ರೋಫಿಲಂ ತೆಗೆದ ಮೇಲೆ ಪತ್ರಿಕೆಗಳ ಮೂಲಸಂಪುಟಗಳನ್ನು ರಾಶಿರಾಶಿಯಾಗಿ ವಿಲೇವಾರಿ ಮಾಡಿದವು. ಬ್ರಿಟಿಷ್ ಲೈಬ್ರರಿ 1999ರಲ್ಲಿ ಅಮೆರಿಕದ ಪತ್ರಿಕೆಗಳನ್ನು ಮಾರಲು ಹೊರಟಾಗ, ನಿಕೋಲ್ಸನ್ ಬೇಕರ್ ಎಂಬ ಲೇಖಕ ತನ್ನ ಉಳಿತಾಯದ ಹಣವನ್ನೇ ಹಾಕಿ ಅವುಗಳಲ್ಲಿ ಹಲವನ್ನು ಕೊಂಡ. 2004ರಲ್ಲಿ ಆ ಸಂಗ್ರಹ ಡ್ಯೂಕ್ ವಿಶ್ವವಿದ್ಯಾಲಯಕ್ಕೆ ಹೋಯಿತು. ಅವನನ್ನೂ ಯಾರಾದರೂ ಊಟದ ಹೊತ್ತಿನಲ್ಲಿ ಗೇಲಿ ಮಾಡಿರಬೇಕು.

ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ ಕಲ್ಲಚ್ಚಿನಲ್ಲಿ ಹೊರಬಂತು. ಅಂದಿನಿಂದ ಕನ್ನಡದಲ್ಲಿ ಎಷ್ಟು ಪತ್ರಿಕೆ ಹುಟ್ಟಿವೆ, ಅದರಲ್ಲಿ ಎಷ್ಟು ಕಡಲೆಕಾಯಿ ಪೊಟ್ಟಣವಾಗಿವೆ! ಊರಿನಿಂದ ಬರುವಾಗ ನಮ್ಮ ಅಮ್ಮಂದಿರು ಹಿತ್ತಾಳೆ ಪಾತ್ರೆಗೆ ಸುತ್ತಿಕೊಟ್ಟ ಪೇಪರು, ಟ್ರಂಕಿಗೆ ಹಾಸಿದ ಪೇಪರು ನಿಮ್ಮ ಮನೆಗಳಲ್ಲಿ ಇನ್ನೂ ಇದ್ದೀತು. ನಮ್ಮ ಈ ತ್ರೈಮಾಸಿಕದ ಹಳೆಯ ಸಂಚಿಕೆಗಳೂ ಇದ್ದಾವು. ಸೈಕ್ಲೋಸ್ಟೈಲ್ ಮಸಿ ಕಾಡಿಗೆಯ ಜಾತಿಯದು, ಅದಕ್ಕೆ ಭಯವಿಲ್ಲ. ಆ ಮಸಿಯನ್ನು ಹೊತ್ತ ಅಗ್ಗದ ಕಾಗದಕ್ಕೆ ಭಯವಿದೆ.

ದಯವಿಟ್ಟು ಅವನ್ನು ಅಟ್ಟದಲ್ಲಾಗಲಿ ಗರಾಜಿನಲ್ಲಾಗಲಿ ಇಡಬೇಡಿ. ಟೆಕ್ಸಾಸಿನ ಬೇಸಿಗೆಯಲ್ಲಿ ಅಟ್ಟದ ಶಾಖ 130 ಡಿಗ್ರಿ ಫ್ಯಾರನ್‌ಹೀಟ್ ದಾಟುವುದುಂಟು. ಶಾಖ 10 ಡಿಗ್ರಿ ಸೆಂಟಿಗ್ರೇಡ್ ಏರಿದರೆ ಕಾಗದ ಕೆಡುವ ವೇಗ ಸುಮಾರು ಎರಡರಷ್ಟಾಗುತ್ತದೆ. ಅಂಟುಪಟ್ಟಿ ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ. ಬಟ್ಟೆಯ ಕಪಾಟಿನಲ್ಲಿ, ಮಡಿಸದೆ, ಆಮ್ಲರಹಿತ ಲಕೋಟೆಯಲ್ಲಿ ಇಡಿ. ಗೋಡೆಗೆ ಬೇಕೆಂದರೆ ಅದರ ಚಿತ್ರ ತೆಗೆದು ಚಿತ್ರಕ್ಕೆ ಚೌಕಟ್ಟು ಹಾಕಿಸಿ.

ಬರುವ ರಾಜ್ಯೋತ್ಸವದ ದಿನ ಸಭಾಂಗಣದ ಬಾಗಿಲ ಬಳಿ ನಾವೊಂದು ಮೇಜು ಹಾಕಿಕೊಂಡು ಕೂರುತ್ತೇವೆ. ನಿಮ್ಮಲ್ಲಿರುವ ಹಳೆಯ ಕನ್ನಡ ಪತ್ರಿಕೆ, ಸಂಘದ ಹಳೆಯ ಸಂಚಿಕೆ, ಅರ್ಧ ಹಾಳೆಯಾದರೂ ಸರಿ, ತನ್ನಿ. ಅಲ್ಲಿಯೇ ಚಿತ್ರ ತೆಗೆದು, ಲಕೋಟೆಗೆ ಹಾಕಿ, ನಿಮ್ಮ ಕೈಗೇ ಹಿಂದಿರುಗಿಸುತ್ತೇವೆ. ಹಣ ಕೊಡಬೇಕಾಗಿಲ್ಲ. ಯುಗಾದಿಯ ದಿನ ನಮ್ಮನ್ನು ಗೇಲಿ ಮಾಡಿದ ಸ್ನೇಹಿತರು ಈಗಾಗಲೇ ಫೋನ್ ಮಾಡಿದ್ದಾರೆ. ಅವರ ಅತ್ತೆಯವರು ಮಗಳ ಮದುವೆಯ ಸೀರೆಯ ಪೆಟ್ಟಿಗೆಗೆ ಹಾಸಿದ್ದ ಎರಡು ಹಾಳೆ ಸಿಕ್ಕಿವೆಯಂತೆ. ಮುಟ್ಟಲು ಭಯ, ಹೇಗೆ ತರಲಿ ಎಂದು ಕೇಳಿದರು.

ಸೀರೆಯ ಸಮೇತ ಪೆಟ್ಟಿಗೆಯನ್ನೇ ತನ್ನಿ ಎಂದಿದ್ದೇವೆ.