ಅಂಗಳಕ್ಕೆ ಸ್ಪ್ರಿಂಕ್ಲರ್, ತೋಟಕ್ಕೆ ಹನಿ: ಒಂದೇ ಪಂಪು ಸಾಕೇ?



ನಮ್ಮ ಮಂಜೇಶ್ವರದ ಕಡೆ ಈಗ ಕೆಲವು ಮನೆಗಳ ಅಂಗಳದಲ್ಲಿ ಹುಲ್ಲು ಬೆಳೆಸಿ, ಟೈಮರ್ ಇರುವ ಸ್ಪ್ರಿಂಕ್ಲರ್ ಜೋಡಿಸಿರುವುದನ್ನು ಕಾಣುತ್ತೇವೆ. ಅದೇ ಪೈಪಿನಿಂದ ಹಿತ್ತಿಲಿನ ಅಡಿಕೆಗೂ ತರಕಾರಿಗೂ ಹನಿ ನೀರಾವರಿ ಮಾಡಬಹುದೇ? ಖಂಡಿತ ಮಾಡಬಹುದು. ಆದರೆ ಡ್ರಿಪ್ ಪೈಪನ್ನು ಸ್ಪ್ರಿಂಕ್ಲರ್ ಲೈನಿಗೆ ನೇರವಾಗಿ ಸಿಕ್ಕಿಸಬಾರದು. ನಾಲ್ಕು ವಿಷಯಗಳನ್ನು ಗಮನಿಸಬೇಕು.

1. ಸಮಯ: ಹನಿ ನೀರಾವರಿಯಲ್ಲಿ ಫಲ ಕೊಡುವ ಅಡಿಕೆ ಮರವೊಂದಕ್ಕೆ ಬೇಸಗೆಯಲ್ಲಿ ದಿನಕ್ಕೆ 16ರಿಂದ 20 ಲೀಟರ್ ನೀರು ಬೇಕು. ಗಂಟೆಗೆ 4 ಲೀಟರ್ ಕೊಡುವ ಎರಡು ಡ್ರಿಪ್ಪರ್ ಇಟ್ಟರೆ, ಎರಡರಿಂದ ಎರಡೂವರೆ ಗಂಟೆ ನೀರು ಬಿಡಬೇಕಾಗುತ್ತದೆ. ಸ್ಪ್ರಿಂಕ್ಲರಿನೊಡನೆ ಇಪ್ಪತ್ತು ನಿಮಿಷ ಮಾತ್ರ ಬಿಟ್ಟರೆ ಮರಕ್ಕೆ ಮೂರು ಲೀಟರೂ ಸಿಗದು. ಎರಡು ಗಂಟೆ ಬಿಟ್ಟರೆ ಅಂಗಳ ಕೆಸರಾಗುತ್ತದೆ. ಆದುದರಿಂದ ಡ್ರಿಪ್ ಲೈನಿಗೆ ಪ್ರತ್ಯೇಕ ವಾಲ್ವ್ ಇಟ್ಟು, ಟೈಮರಿನಲ್ಲಿ ಪ್ರತ್ಯೇಕ ಸಮಯ ನಿಗದಿಪಡಿಸಬೇಕು.

2. ಒತ್ತಡ: ಸ್ಪ್ರಿಂಕ್ಲರಿಗೆ ಸಾಮಾನ್ಯವಾಗಿ 2 ಕಿಲೋ ಅಥವಾ ಅದಕ್ಕಿಂತ ಹೆಚ್ಚು ಒತ್ತಡ ಬೇಕು. ಡ್ರಿಪ್ಪಿಗೆ 1 ಕಿಲೋ, ಅಂದರೆ 10 ಮೀಟರ್ ಎತ್ತರದ ಟ್ಯಾಂಕಿನ ನೀರಿನ ಒತ್ತಡ, ಸಾಕು. ಹೆಚ್ಚಾದರೆ ಜಾಯಿಂಟುಗಳು ಕಳಚುತ್ತವೆ. ಒತ್ತಡ ತಗ್ಗಿಸುವ ರೆಗ್ಯುಲೇಟರ್ ಹಾಕಬೇಕು. ಮೂವತ್ತು ಮರಗಳಿಗೆ ಗಂಟೆಗೆ 240 ಲೀಟರ್ ಮಾತ್ರ ಹೋಗುವುದರಿಂದ, ಪಂಪು ಎತ್ತುವ ಉಳಿದ ನೀರು ಬಾವಿಗೆ ಮರಳಲು ಪಂಪಿನ ಬಳಿಯೇ ಬೈಪಾಸ್ ಇಡಬೇಕು. ಇಲ್ಲವಾದರೆ ಪಂಪು ಕೆಡುತ್ತದೆ.

3. ಫಿಲ್ಟರ್: ಸ್ಪ್ರಿಂಕ್ಲರಿನ ತೂತಿನಲ್ಲಿ ದಾಟಿ ಹೋಗುವ ಮಣ್ಣು, ಪಾಚಿ ಡ್ರಿಪ್ಪರಿನಲ್ಲಿ ಸಿಕ್ಕಿಕೊಳ್ಳುತ್ತದೆ. ರೆಗ್ಯುಲೇಟರಿಗಿಂತ ಮೊದಲು 120 ಮೆಶ್ ಫಿಲ್ಟರ್ ಇಟ್ಟು, ವಾರಕ್ಕೊಮ್ಮೆ ತೊಳೆಯಬೇಕು. ಆಗಾಗ ಪೈಪಿನ ತುದಿ ಬಿಚ್ಚಿ ನೀರು ಹರಿಯಬಿಡಬೇಕು.

4. ಬಾವಿಯ ರಕ್ಷಣೆ: ಇದು ಎಲ್ಲಕ್ಕಿಂತ ಮುಖ್ಯ. ನಮ್ಮಲ್ಲಿ ಹಲವರು ತೋಟಕ್ಕೂ ಅಡುಗೆಗೂ ಒಂದೇ ಬಾವಿಯ ನೀರು ಬಳಸುತ್ತೇವೆ. ಡ್ರಿಪ್ಪಿನಲ್ಲಿ ಗೊಬ್ಬರ ಕರಗಿಸಿ ಕೊಡುವಾಗ ಕರೆಂಟು ಹೋಗಿ ಪಂಪು ನಿಂತರೆ, ಪೈಪಿನಲ್ಲಿರುವ ಗೊಬ್ಬರದ ನೀರು ಹಿಂದಕ್ಕೆ ಸರಿದು ಬಾವಿಗೆ ಸೇರಬಹುದು. ಗೊಬ್ಬರದ ನೈಟ್ರೇಟ್ ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಅದು ಎಳೆಯ ಶಿಶುಗಳ ರಕ್ತದಲ್ಲಿ ಆಮ್ಲಜನಕದ ಸಾಗಾಟಕ್ಕೆ ಅಡ್ಡಿಯಾಗಿ, ಮೈ ನೀಲಿಯಾಗಿ ಪ್ರಾಣಕ್ಕೇ ಅಪಾಯ ತರಬಹುದು. ನೀರು ಕುದಿಸಿದರೂ ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಹೆಚ್ಚುತ್ತದೆ.

ಆದುದರಿಂದ ಗೊಬ್ಬರ ಸೇರುವ ಜಾಗಕ್ಕಿಂತ ಮೊದಲು ನೀರು ಹಿಂದೆ ಬಾರದಂತೆ ತಡೆಯುವ ನಾನ್-ರಿಟರ್ನ್ ವಾಲ್ವ್ ಇರಲೇಬೇಕು. ವಾಲ್ವ್ ಕೂಡ ಸವೆಯುವ ವಸ್ತು. ಬಾವಿಯ ನೀರನ್ನು ಮೇಲಿನಿಂದ ಬೇರೆ ಟ್ಯಾಂಕಿಗೆ ಬೀಳಿಸಿ, ಗೊಬ್ಬರದ ನೀರನ್ನು ಆ ಟ್ಯಾಂಕಿನಿಂದಲೇ ಕೊಡುವುದು ಇನ್ನೂ ಸುರಕ್ಷಿತ. ಕೀಟನಾಶಕವನ್ನಂತೂ ಈ ಪೈಪಿಗೆ ಸೇರಿಸಲೇಬಾರದು.

ಪೈಪು ಜೋಡಿಸುವವರು ಬಂದಾಗ, ಲೈನಿನ ಖರ್ಚು ಎಷ್ಟೆಂದು ವಿಚಾರಿಸುವ ಮೊದಲು "ನೀರು ಬಾವಿಗೆ ಮರಳದಂತೆ ಏನು ಮಾಡಿದ್ದೀರಿ?" ಎಂದು ಕೇಳೋಣ. ತೋಟದ ನೀರು ಒಂದು ದಿನ ತಪ್ಪಿದರೆ ಮರುದಿನ ಬಿಡಬಹುದು. ಕೆಟ್ಟ ಬಾವಿಯನ್ನು ಸರಿಪಡಿಸುವುದು ಅಷ್ಟು ಸುಲಭವಲ್ಲ.