ಕಾಯಿಲೆಯಿಲ್ಲದ ರೋಗಿಗಳು

1963ರಲ್ಲಿ ಲಾಸ್ ಏಂಜಲೀಸ್‌ನ ವೈದ್ಯ ವಿದ್ಯಾರ್ಥಿಗಳ ಮುಂದೆ ಪ್ಯಾಟಿ ಡಗ್ಗರ್ ಎಂಬ ರೋಗಿ ಬರುತ್ತಿದ್ದಳು. ಮಲ್ಟಿಪಲ್ ಸ್ಕ್ಲೆರೋಸಿಸ್‌ನಿಂದ ಎರಡೂ ಕಾಲು ಸ್ವಾಧೀನ ತಪ್ಪಿದ್ದವು. ಪರೀಕ್ಷೆ ಮುಗಿದ ಮೇಲೆ ಆಕೆಯೇ ಕೂತು, ಯಾರು ಹೇಗೆ ನಡೆದುಕೊಂಡರೆಂದು ಪಟ್ಟಿ ತುಂಬುತ್ತಿದ್ದಳು!

ಪ್ಯಾಟಿ ಎಂಬುದು ನರರೋಗ ತಜ್ಞ ಹೋವರ್ಡ್ ಬ್ಯಾರೋಸ್ ಕಟ್ಟಿದ ಪಾತ್ರ. ನಟಿಸಿದವಳು ಚಿತ್ರಕಾರರಿಗೆ ರೂಪದರ್ಶಿಯಾಗಿ ಕೂರುತ್ತಿದ್ದ ಹೆಣ್ಣುಮಗಳು. ಬ್ಯಾರೋಸ್‌ಗೆ ಇದು ಹೊಳೆದದ್ದು ಒಬ್ಬ ನಿಜವಾದ ರೋಗಿಯಿಂದಂತೆ. ಒರಟಾಗಿ ಪರೀಕ್ಷಿಸಿದ ಅಭ್ಯರ್ಥಿಗೆ ಬುದ್ಧಿ ಕಲಿಸಲು ಆತ ತನ್ನ ರೋಗಲಕ್ಷಣಗಳನ್ನೇ ಬದಲಿಸಿ ತೋರಿಸಿದ್ದನಂತೆ. ವೈದ್ಯ ಕಾಲೇಜಿಗೆ ಹಾಲಿವುಡ್ ನುಗ್ಗಿತೆಂದು ಪತ್ರಿಕೆಗಳು ಗೇಲಿ ಮಾಡಿದವು. 1964ರಲ್ಲಿ ಬ್ಯಾರೋಸ್, ಸ್ಟೀಫನ್ ಅಬ್ರಹಾಂಸನ್ ಜೊತೆ ಸೇರಿ ಈ ಪ್ರಯೋಗದ ಬಗ್ಗೆ ಪ್ರಬಂಧ ಪ್ರಕಟಿಸಿದರು.

ನರ್ಸಿಂಗ್‌ನವರ ಬಳಿ 1911ರಿಂದಲೇ 'ಮಿಸೆಸ್ ಚೇಸ್' ಎಂಬ ಆಳೆತ್ತರದ ಬೊಂಬೆಯಿತ್ತು, ಅಮೆರಿಕದ ಹಾರ್ಟ್‌ಫರ್ಡ್ ಆಸ್ಪತ್ರೆಯಲ್ಲಿ. ಮಗ್ಗುಲು ಹೊರಳಿಸುವುದನ್ನು ಕಲಿಯಲು ಅದು ಸಾಕು. 'ಸಾಯಬೇಕು ಅನ್ನಿಸುತ್ತಾ?' ಎಂದು ಬೊಂಬೆಯನ್ನು ಕೇಳಿ ಕಲಿಯುವುದುಂಟೇ? ಮನೋರೋಗ ಶುಶ್ರೂಷೆಗೆ ನಟರು ಬೇಕಾಗುವುದು ಇಲ್ಲೇ.

ನಟಿಗೆ ಪಾತ್ರವನ್ನು ಮೊದಲೇ ಕಲಿಸಿರುತ್ತಾರೆ: ಹೆರಿಗೆಯಾಗಿ ಆರು ವಾರ, ನಿದ್ದೆಯಿಲ್ಲ, ಮಗುವನ್ನು ಎತ್ತಿಕೊಳ್ಳಲೂ ಮನಸ್ಸಿಲ್ಲ. ಸಾವಿನ ಯೋಚನೆಯನ್ನು ತಾನಾಗಿ ಬಾಯಿಬಿಡಕೂಡದು. ನೇರವಾಗಿ ಕೇಳಿದರಷ್ಟೇ ಹೇಳಬೇಕು. ಊಟ, ನಿದ್ದೆ ವಿಚಾರಿಸಿದ ವಿದ್ಯಾರ್ಥಿನಿ 'ಎಲ್ಲ ಸರಿಹೋಗುತ್ತೆ ಅಕ್ಕ, ಧೈರ್ಯವಾಗಿರಿ' ಎಂದು ಮಾತು ಮುಗಿಸಿದರೆ ಆ ಗುಟ್ಟು ಹೊರಬರುವುದೇ ಇಲ್ಲ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತೆಂಬ ಅಂಜಿಕೆ ಹಲವರಿಗಿದೆ. ಅದಕ್ಕೆ ಆಧಾರವಿಲ್ಲವೆಂದು ಅಧ್ಯಯನಗಳು ತೋರಿಸಿವೆ.

ಮುಗಿದ ಮೇಲೆ ನಟಿ ಪಾತ್ರ ಕಳಚಿಟ್ಟು, ತನ್ನ ಹೆಸರು ಹೇಳಿ, 'ನೀವು ಗಡಿಯಾರ ನೋಡಿದಾಗ ನನಗೆ ಮಾತು ಸಾಕೆನಿಸಿತು' ಎನ್ನಬಹುದು. ಇಡೀ ಪಾಠದಲ್ಲಿ ಬೆಲೆಬಾಳುವುದು ಇದೇ. ವಾರ್ಡಿನಲ್ಲಿರುವ ರೋಗಿ ಹೀಗೆ ಹೇಳುವುದು ಅಪರೂಪ. ಹೇಳಿಸಲೆಂದು ಅವರ ನೋವನ್ನು ತಂಡದ ಮೇಲೆ ತಂಡ ಕೆದಕುವುದೂ ಸಲ್ಲದು.

ಖರ್ಚು ಮಾತ್ರ ಕಡಿಮೆಯಲ್ಲ. ಅಮೆರಿಕದಲ್ಲಿ ಇಂಥ ನಟರನ್ನಿಟ್ಟು 2004ರಿಂದ ನಡೆಸುತ್ತಿದ್ದ ವೈದ್ಯ ಪರವಾನಗಿ ಪರೀಕ್ಷೆ ಕೋವಿಡ್‌ನಲ್ಲಿ ನಿಂತಿತು. 2021ರಲ್ಲಿ ಅದನ್ನು ಕೈಬಿಟ್ಟರು. ನಮ್ಮಲ್ಲಿ ಸಾಮಾನ್ಯವಾಗಿ ಸಹಪಾಠಿಯೇ ರೋಗಿ. ಬೆಳಿಗ್ಗೆ ಹಾಸ್ಟೆಲಿನಲ್ಲಿ ಜೊತೆಗೆ ತಿಂಡಿ ತಿಂದವಳು ಮಧ್ಯಾಹ್ನ ಇಲ್ಲದ ದನಿಗೆ ಕಿವಿಗೊಟ್ಟರೆ ನಗು ತಡೆಯುವವರಾರು? ಹವ್ಯಾಸಿ ನಾಟಕ ತಂಡಗಳಿಗೆ ಕರ್ನಾಟಕದಲ್ಲಿ ಬರವಿಲ್ಲ, ನರ್ಸಿಂಗ್ ಕಾಲೇಜುಗಳಿಗಂತೂ ಇಲ್ಲವೇ ಇಲ್ಲ. ಒಂದೇ ಊರಿನಲ್ಲಿದ್ದೂ ಇವರಿಬ್ಬರಿಗೆ ಪರಿಚಯವಾದಂತಿಲ್ಲ.