‘ಗೋಚರತೆ’ ಎಂಬ ಶಬ್ದದ ಅರ್ಥವಿಚಾರ

ಚಳಿಗಾಲದ ಮುಂಜಾವಿನಲ್ಲಿ ಮಂಜು ಕವಿದಾಗ ‘ಗೋಚರತೆ ಕ್ಷೀಣಿಸಿದೆ’ ಎಂದು ಪತ್ರಿಕೆಗಳು ಬರೆಯುವುದುಂಟು. ಇಂಗ್ಲಿಷಿನ ‘ವಿಸಿಬಿಲಿಟಿ’ಗೆ ಸಮಾನಾರ್ಥಕವಾಗಿ ಈ ಶಬ್ದವು ರೂಢಿಗೆ ಬಂದಿದೆ. ಆದರೆ ಇವೆರಡರ ಹುಟ್ಟು ಒಂದೇ ಬಗೆಯದಲ್ಲ. ಆ ಭೇದವನ್ನರಿಯುವುದು ಇತಿಹಾಸದ ವಿದ್ಯಾರ್ಥಿಗಳಿಗೂ ಉಪಯುಕ್ತವಾದುದು.

ಇಂಗ್ಲಿಷ್ ಶಬ್ದದ ಮೂಲವು ‘ನೋಡು’ ಎಂಬರ್ಥದ ಲ್ಯಾಟಿನ್ ಧಾತು. ನಮ್ಮ ‘ವಿದ್ಯೆ’, ‘ವೇದ’ಗಳಲ್ಲಿರುವ ‘ವಿದ್’ ಧಾತುವು ಅದಕ್ಕೆ ಬಂಧು. ಅಲ್ಲಿ ಕಾಣಿಸಿಕೊಳ್ಳುವುದು ವಸ್ತುವಿನ ಗುಣ. ‘ಗೋಚರ’ವಾದರೋ ಗೋವುಗಳು ಚರಿಸುವ ನೆಲ, ಅಂದರೆ ನಮ್ಮ ಹಳ್ಳಿಗಳ ಗೋಮಾಳ. ಪಾಣಿನಿಯೂ ಇದನ್ನು ಸಿದ್ಧರೂಪವೆಂದು ಹೇಳಿದ್ದಾನೆ. ದನಗಳು ಮೇಯುವ ಎಲ್ಲೆಯಿಂದ ಇಂದ್ರಿಯಗಳು ಸಂಚರಿಸುವ ಎಲ್ಲೆಗೆ ಇದರ ಅರ್ಥವು ವಿಸ್ತರಿಸಿತು. ಆದುದರಿಂದ ಗೋಚರವೆಂದರೆ ಮೂಲತಃ ನೋಡುವವನ ವ್ಯಾಪ್ತಿ. ಕನ್ನಡದ ‘ಕಾಣ್’ ಧಾತುವು ಎರಡನ್ನೂ ಒಳಗೊಂಡಿದೆ: ‘ಗುಡ್ಡವನ್ನು ಕಂಡೆನು’ ಎನ್ನುತ್ತೇವೆ, ‘ಗುಡ್ಡ ಕಾಣುತ್ತದೆ’ ಎಂದೂ ಎನ್ನುತ್ತೇವೆ.

ಈ ಅರ್ಥಭೇದಕ್ಕೆ ಕೋಲಾರದ ಚಿನ್ನದ ಗಣಿಗಳು ಒಳ್ಳೆಯ ನಿದರ್ಶನ. ಅಲ್ಲಿಯ ಬೆಣಚುಕಲ್ಲಿನಲ್ಲಿ ಚಿನ್ನವು ಅನೇಕ ವೇಳೆ ಬರಿಗಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿರುತ್ತಿತ್ತು. ಕಲ್ಲನ್ನು ಪುಡಿಮಾಡಿ, ಪಾದರಸಕ್ಕೆ ಹಿಡಿಸಿ, ಉಳಿದ ಮರಳಿನ ಚಿನ್ನವನ್ನು ಸಯನೈಡ್ ದ್ರಾವಣದಲ್ಲಿ ಕರಗಿಸಿ, ಸತುವಿನ ನೆರವಿನಿಂದ ಬೇರ್ಪಡಿಸಿದಾಗ ಅದು ಕಣ್ಣಿಗೆ ಬೀಳುತ್ತಿತ್ತು. ಲೋಹವು ಮೊದಲೇ ಇದ್ದಿತು. ನಮ್ಮ ವ್ಯಾಪ್ತಿಯೊಳಗೆ ಬಂದುದು ಅನಂತರ. 2001ರಲ್ಲಿ ಗಣಿಗಳು ಮುಚ್ಚಿದವು. ಸಯನೈಡ್ ದಿಬ್ಬಗಳು ಇಂದಿಗೂ ದೂರದಿಂದಲೇ ಕಾಣುತ್ತವೆ; 3 ಕಿಲೋಮೀಟರಿಗೂ ಮಿಕ್ಕ ಆಳದಲ್ಲಿ ದುಡಿದವರ ಶ್ರಮ ಕಾಣುವುದಿಲ್ಲ. ಆದರೆ ಆ ದಿಬ್ಬಗಳ ಮಣ್ಣೆಲ್ಲವೂ ಅವರು ಒಡೆದು ಮೇಲಕ್ಕೆ ಕಳುಹಿಸಿದ ಕಲ್ಲೇ ಆಗಿದೆ.

ಗಣಿಗಳ ಕಡೆಗೆ ರೈಲುದಾರಿ ಕವಲೊಡೆಯುವ ಬಂಗಾರಪೇಟೆಯ ಹೆಸರಿನಲ್ಲಿಯೂ ಇಂಥದೇ ಒಂದು ಮರೆಯಿದೆ. ಅದು ಚಿನ್ನದಿಂದಲೇ ಬಂದ ಹೆಸರೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಊರಿನ ಹಿಂದಿನ ಹೆಸರು ಬೌರಿಂಗ್‌ಪೇಟೆ; 1862ರಿಂದ 1870ರವರೆಗೆ ಮೈಸೂರಿನ ಕಮಿಷನರಾಗಿದ್ದ ಲೂಯಿನ್ ಬೌರಿಂಗನ ನೆನಪಿನದು. ಇಂದಿನ ರೂಪದ ಹೊಳಪಿನಲ್ಲಿ ಹಿಂದಿನ ರೂಪವು ಅಡಗಿಹೋಗಿದೆ.

ಕಾಣದುದನ್ನೆಲ್ಲ ಇಲ್ಲದುದೆಂದು ಬಗೆಯುವುದು ಇತಿಹಾಸದ ಅಭ್ಯಾಸದಲ್ಲಿ ಸುಲಭವಾಗಿ ಒದಗುವ ದೋಷ. ದಾಖಲೆಗಳಲ್ಲಿ ಹೆಸರಿಲ್ಲದವರನ್ನು ಕುರಿತು ನಿರ್ಣಯ ಹೇಳುವ ಮುನ್ನ ನಮ್ಮ ಗೋಚರದ ಎಲ್ಲೆಯು ಎಲ್ಲಿಗೆ ಮುಗಿಯುತ್ತದೆಂಬುದನ್ನು ಪರೀಕ್ಷಿಸಿಕೊಳ್ಳುವುದು ಅವಶ್ಯಕ.